‘ರೈಟ್’ ಎಂಬ ಶಬ್ದದ ಎಡಬಲ

ಇಂಗ್ಲೀಷಿನಲ್ಲಿ ಅರ್ಥಬಾಹುಳ್ಯಕ್ಕೆ ಹೆಸರಾದ ಶಬ್ದಗಳು ಹಲವಾರು. ಆಕ್ಸ್‌ಫರ್ಡ್ ಮಹಾಕೋಶದ ಹಳೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಪುಟ್ಟ ಶಬ್ದವೇ ಎಲ್ಲಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿತ್ತು. ಹೊಸ ಪರಿಷ್ಕರಣದಲ್ಲಿ ಆ ಮರ್ಯಾದೆ ‘ರನ್’ ಎಂಬುದಕ್ಕೆ ಸಂದಿತು. ನಾನು ಇಲ್ಲಿ ಎತ್ತಿಕೊಂಡಿರುವುದು ಅವೆರಡನ್ನೂ ಅಲ್ಲ, ‘ರೈಟ್’ ಎಂಬುದನ್ನು. ಅದಕ್ಕೆ ಕಾರಣವುಂಟು. ‘ಸೆಟ್’ ಎಂಬುದನ್ನು ತಪ್ಪಾಗಿ ಅನುವಾದಿಸಿದರೆ ಒಂದು ವಾಕ್ಯ ಕೆಡುತ್ತದೆ, ಅಷ್ಟೆ. ‘ರೈಟ್’ ಎಂಬುದನ್ನು ಅರೆಬರೆಯಾಗಿ ಅನುವಾದಿಸಿದರೆ ಒಬ್ಬರ ಪಾಲಿನ ಅನ್ನಕ್ಕೂ ಮಾನಕ್ಕೂ ಕುಂದು ಬರಬಹುದು. ನಮ್ಮ ಕಾನೂನು, ವೃತ್ತಪತ್ರಿಕೆ, ಪಠ್ಯಪುಸ್ತಕಗಳಲ್ಲಿ ಈ ಶಬ್ದ ದಿನವೂ ಕನ್ನಡವಾಗುತ್ತಿದೆ. ಅದು ಯಾವ ಕನ್ನಡವಾಗುತ್ತಿದೆ, ಆಗುವಾಗ ಏನನ್ನು ಕಳೆದುಕೊಳ್ಳುತ್ತಿದೆ ಎಂಬುದು ವಿಚಾರಾರ್ಹವಾದ ಸಂಗತಿ.

ಮೊದಲು ಈ ಶಬ್ದ ನಮ್ಮ ಜನರ ಬಾಯಲ್ಲಿ ಹೇಗಿದೆಯೆಂದು ನೋಡೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲೂಕುಗಳಿಂದ ಇತ್ತೀಚೆಗೆ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಬೇರೆಯಾಗಿದ್ದರೂ ಮಾತು ಬೇರೆಯಾಗಿಲ್ಲ. ಇಲ್ಲಿ ಇಂಗ್ಲೀಷು ಬಾರದ ಮುದುಕಿಗೂ ‘ರೈಟ್’ ಗೊತ್ತು. ಬಸ್ಸಿನ ಕಂಡಕ್ಟರನು ‘ಹೋಲ್ಡಾನ್’ ಎಂದರೆ ನಿಲ್ಲಬೇಕು, ‘ರೈಟ್ ರೈಟ್’ ಎಂದರೆ ಹೊರಡಬೇಕು. ಹಾಗೆಂದಾಗ ಬಸ್ಸು ಬಲಕ್ಕೆ ತಿರುಗಿದ ಉದಾಹರಣೆ ಇಲ್ಲ! ಶಾಲೆಯ ಮಾಸ್ತರರು ಹುಡುಗನ ಪಾಟಿಯ ಮೇಲೆ ‘ರೈಟ್’ ಹಾಕುತ್ತಾರೆ. ಅದು ಸರಿಯುತ್ತರದ ಗುರುತು. ಇಂಡಿ ರೋಡ್ ನಿಲ್ದಾಣದಲ್ಲಿ ‘ಗಾಡಿ ರೈಟ್ ಟೈಮ್ ಅದ’ ಎಂದರೆ ತಡವಿಲ್ಲವೆಂದರ್ಥ. ದೂರವಾಣಿಯಲ್ಲಿ ಮಾತು ಮುಗಿಸುವಾಗ ‘ಆತು, ರೈಟ್ರಿ’ ಎಂದರೆ ಒಪ್ಪಿಗೆ. ಈ ನಾಲ್ಕು ಬಳಕೆಗಳಲ್ಲಿಯೂ ಅಡಗಿರುವ ಅರ್ಥ ಒಂದೇ: ‘ಎಲ್ಲವೂ ಸರಿಯಿದೆ, ಮುಂದೆ ನಡೆ.’ ವಾಹನ ನಡೆಸುವವರು ‘ರೈಟಿಗೆ ಹೊಡಿ’ ಎನ್ನುವುದುಂಟು. ಪೇಟೆಯ ತರುಣರು ‘ರೈಟ್ಸ್’ ಎನ್ನುವುದೂ ಉಂಟು. ಆದರೆ ದಾರಿ ಕೇಳಿದ ಪರಸ್ಥಳದವನಿಗೆ ‘ಬಲಕ್ಕ ಹೊಳ್ಳರಿ’ ಎಂದೇ ಹೇಳುತ್ತಾರೆ. ಹೊಲದ ಜಗಳದಲ್ಲಿ ‘ಹಕ್ಕು’ ಎಂದೇ ಕೂಗುತ್ತಾರೆ. ಜನರು ಆ ಇಂಗ್ಲೀಷು ಶಬ್ದದಿಂದ ತಮಗೆ ಬೇಕಾದ ಒಂದು ತುಂಡನ್ನು ಮಾತ್ರ ಕತ್ತರಿಸಿಕೊಂಡು, ಉಳಿದುದನ್ನು ತಮ್ಮ ಮಾತಿಗೇ ಬಿಟ್ಟಿದ್ದಾರೆ. ಇದು ಅಜ್ಞಾನವಲ್ಲ, ಒಳ್ಳೆಯ ವಿವೇಕ.

ಏಕೆಂದರೆ ‘ಸರಿ’ ಎಂಬ ಭಾವಕ್ಕೆ ಈ ಭಾಗದಲ್ಲಿ ಶಬ್ದದಾರಿದ್ರ್ಯ ಎಂದೂ ಇರಲಿಲ್ಲ. ಲೆಕ್ಕ ‘ಬರೋಬ್ಬರಿ’ ಇರುತ್ತದೆ. ಮಾತು ‘ಖರೆ’ ಇರುತ್ತದೆ. ದಾರಿ ‘ಸೀದಾ’ ಇರುತ್ತದೆ. ನಡತೆ ‘ನೆಟ್ಟಗ’ ಇರಬೇಕಾಗುತ್ತದೆ. ಇಂಗ್ಲೀಷಿನವನು ಈ ನಾಲ್ಕೂ ಕಡೆ ‘ರೈಟ್’ ಎಂದು ಮುಗಿಸಬಲ್ಲ. ನಮ್ಮ ರೈತನಿಗೆ ಅವು ನಾಲ್ಕು ಬೇರೆ ಗುಣಗಳು. ಇನ್ನೊಂದು ಮಾತನ್ನೂ ಗಮನಿಸಬೇಕು. ಇಂಗ್ಲೀಷಿನ ‘ರೈಟ್’ ಶಬ್ದದ ಮೂಲಾರ್ಥ ನೇರವಾದದ್ದು, ಡೊಂಕಿಲ್ಲದ್ದು ಎಂದು. ಲ್ಯಾಟಿನ್ನಿನ ‘ರೆಕ್ಟಸ್’, ಜರ್ಮನ್ನಿನ ‘ರೆಖ್ಟ್’, ಸಂಸ್ಕೃತದ ‘ಋಜು’ ಇವೆಲ್ಲ ಅದರ ದಾಯಾದಿಗಳು. ಆದರೆ ನಮ್ಮ ‘ಸರಿ’ ಎಂಬುದರ ಬುಡದಲ್ಲಿರುವುದು ಗೆರೆಯಲ್ಲ, ತಕ್ಕಡಿ. ಸರಿ-ಬೆಸ, ಸರಿಸಮ, ಸರಿಗಟ್ಟು ಎಂಬ ಪ್ರಯೋಗಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪಾರಸಿಯಿಂದ ಬಂದ ‘ಬರೋಬ್ಬರಿ’ಯೂ ಸಮಾನವೆಂಬ ಅರ್ಥದ್ದೇ. ಅವರ ಕಣ್ಣು ಗೆರೆ ನೆಟ್ಟಗಿದೆಯೇ ಎಂದು ನೋಡಿತು. ನಮ್ಮ ಕಣ್ಣು ತಟ್ಟೆ ಸಮನಾಗಿದೆಯೇ ಎಂದು ನೋಡಿತು. ಈ ಭೇದವನ್ನು ಅರಿಯದೆ ಅನುವಾದಕ್ಕೆ ಕೈಹಾಕುವವರು ಶಬ್ದವನ್ನು ಮಾತ್ರ ದಾಟಿಸುತ್ತಾರೆ, ನೋಟವನ್ನು ದಾಟಿಸಲಾರರು.

ಇನ್ನು ಬಲಗೈಯ ಮಾತು. ನಾವು ‘ಬಲ’ ಎನ್ನುವಲ್ಲಿ ಇಂಗ್ಲೀಷರು ‘ರೈಟ್’ ಎನ್ನುತ್ತಾರೆ. ಆದರೆ ಅವರೂ ಮೊದಲಿನಿಂದ ಹಾಗೆ ಅನ್ನುತ್ತಿರಲಿಲ್ಲ. ಹಳೆಯ ಇಂಗ್ಲೀಷಿನಲ್ಲಿ ಬಲಗೈಗೆ ರೂಢಿಯಲ್ಲಿದ್ದ ಶಬ್ದದ ಅರ್ಥ ‘ಹೆಚ್ಚು ಶಕ್ತಿಯುಳ್ಳದ್ದು’ ಎಂದು. ‘ಲೆಫ್ಟ್’ ಎಂಬುದರ ಹಳೆಯ ಅರ್ಥ ‘ದುರ್ಬಲ’ ಎಂದು. ಅಂದರೆ ಒಂದು ಕಾಲಕ್ಕೆ ಅವರ ಬಲಗೈಯೂ ನಮ್ಮಂತೆ ಬಲದ ಕೈಯೇ ಆಗಿತ್ತು. ತರುವಾಯ ಅವರು ಆ ಹೆಸರನ್ನು ಬಿಟ್ಟು ‘ಸರಿಯಾದ ಕೈ’ ಎಂಬ ಹೆಸರನ್ನು ಹಿಡಿದರು. ಶಕ್ತಿ ಇದ್ದ ಸ್ಥಾನದಲ್ಲಿ ನ್ಯಾಯ ಬಂದು ಕುಳಿತಿತು. ಕನ್ನಡವಾದರೋ ಶಕ್ತಿಯನ್ನೇ ಉಳಿಸಿಕೊಂಡಿತು. ನೊಗದ ಬಲಕ್ಕೆ ಕಟ್ಟಿ ರೂಢಿಯಾದ ಎತ್ತನ್ನು ಎಡಕ್ಕೆ ಕಟ್ಟಿದರೆ ಅದು ನಡೆಯಲೊಲ್ಲದು. ಆದರೆ ಬಲದ ಎತ್ತು ನ್ಯಾಯದ ಎತ್ತು, ಎಡದ್ದು ಅನ್ಯಾಯದ್ದು ಎಂದು ಯಾವ ಒಕ್ಕಲಿಗನೂ ಹೇಳುವುದಿಲ್ಲ. ಸೊಸೆ ಬಲಗಾಲಿಟ್ಟು ಮನೆಯೊಳಗೆ ಬರಬೇಕೆಂಬುದು ಶುಭದ ಮಾತು, ಧರ್ಮಾಧರ್ಮದ ತೀರ್ಪಲ್ಲ. ಹಳಗನ್ನಡದ ‘ಬಲಗೊಳ್’ ಎಂಬ ಕ್ರಿಯಾಪದಕ್ಕೆ ಪ್ರದಕ್ಷಿಣೆ ಮಾಡುವುದೆಂದರ್ಥ. ದೇವರು ಬಲಗೈಯ ಕಡೆಗಿರಬೇಕೆಂಬುದು ಅಲ್ಲಿಯ ಭಾವ. ಸಂಸ್ಕೃತದ ‘ದಕ್ಷಿಣ’ವೂ ಮೂಡಣಕ್ಕೆ ಮುಖ ಮಾಡಿ ನಿಂತವನ ಬಲಗೈ ತೋರಿಸುವ ದಿಕ್ಕು.

ಈ ಕೊನೆಯ ಮಾತಿಗೆ ನಮ್ಮ ಜಿಲ್ಲೆಯ ನದಿಗಳೇ ಸಾಕ್ಷಿ. ನದಿಯ ದಂಡೆಗೆ ಎಡ-ಬಲ ಹೇಳುವಾಗ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕೆಂಬುದು ನೀರಾವರಿ ಶಾಸ್ತ್ರದ ನಿಯಮ. 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಬಳಿ ಕೃಷ್ಣೆ ಪೂರ್ವಾಭಿಮುಖಿ. ಆದುದರಿಂದ ಅವಳ ಬಲದಂಡೆಯೆಂದರೆ ದಕ್ಷಿಣದಂಡೆ. ಶಬ್ದಾರ್ಥ, ಭೂಗೋಳ ಎರಡೂ ಇಲ್ಲಿ ಒಂದಾಗುತ್ತವೆ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ ಇಂಡಿ ಶಾಖಾ ಕಾಲುವೆ ಹೊರಡುತ್ತದೆ. ಇಂಡಿ-ಸಿಂದಗಿಗಳ ಉತ್ತರದ ಅಂಚಿನಲ್ಲಿ ಹರಿಯುವ ಭೀಮೆಗೆ ಮಾತ್ರ ಅದೇ ನೆಲ ಬಲದಂಡೆಯಾಗುತ್ತದೆ. ಕೃಷ್ಣೆಗೆ ಎಡ, ಭೀಮೆಗೆ ಬಲ! ಒಂದೇ ಹೊಲ ಎರಡೂ ಆಗಬಲ್ಲುದು. ಎಡ-ಬಲಗಳು ನಿಂತವನ ಮುಖವನ್ನು ಅವಲಂಬಿಸಿದವುಗಳೇ ಹೊರತು ಸ್ವತಃಸಿದ್ಧವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಈ ಪಾಠ ಮರೆತಾಗ ಗೊಂದಲವುಂಟಾಗುತ್ತದೆ. 1789ರಲ್ಲಿ ಫ್ರಾನ್ಸಿನ ರಾಷ್ಟ್ರಸಭೆಯಲ್ಲಿ ಅರಸನ ಪಕ್ಷದವರು ಅಧ್ಯಕ್ಷರ ಬಲಕ್ಕೆ, ಬದಲಾವಣೆ ಬೇಡುವವರು ಎಡಕ್ಕೆ ಕುಳಿತರು. ಆ ಕುರ್ಚಿಗಳ ನೆನಪೇ ನಮ್ಮ ‘ಬಲಪಂಥ’, ‘ಎಡಪಂಥ’. ದಕ್ಷಿಣ ಭಾರತದಲ್ಲಿ ಅದಕ್ಕೂ ಬಹು ಹಿಂದಿನಿಂದ ‘ಎಡಗೈ’, ‘ಬಲಗೈ’ ಎಂಬ ಜಾತಿಪಣಗಳ ಭೇದವಿತ್ತು. 2024ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಶಿಷ್ಟ ಜಾತಿಗಳಲ್ಲಿ ಒಳಮೀಸಲಾತಿಯನ್ನು ಎತ್ತಿಹಿಡಿದ ಮೇಲೆ ಅವೇ ಹೆಸರುಗಳು ಪತ್ರಿಕೆಗಳಲ್ಲಿ ಮತ್ತೆ ದಿನನಿತ್ಯದವಾದವು. ಈ ಎರಡು ಜೋಡಿಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೂ ‘ಎಡ’ ಎಂದೊಡನೆ ರಾಜಕೀಯದ ಬಣ್ಣ ಬಳಿಯುವ ವಿದ್ಯಾರ್ಥಿಗಳನ್ನು ತರಗತಿಯಲ್ಲಿ ನಾನು ಕಾಣುತ್ತೇನೆ. ಶಬ್ದ ಒಂದೇ ಎಂದ ಮಾತ್ರಕ್ಕೆ ವಸ್ತು ಒಂದೇ ಅಲ್ಲವೆಂದು ಹೇಳಿಕೊಡುವುದೂ ಭಾಷಾಧ್ಯಾಪಕನ ಕೆಲಸವೇ.

ಇರಲಿ. ಈಗ ಮುಖ್ಯವಾದ ಅರ್ಥಕ್ಕೆ ಬರೋಣ: ಮನುಷ್ಯನಿಗೆ ಇರುವ ‘ರೈಟ್’. ಇದಕ್ಕೆ ಕನ್ನಡವು ಆರಿಸಿಕೊಂಡ ಶಬ್ದ ‘ಹಕ್ಕು’. 1950ರ ಸಂವಿಧಾನದ ಮೂರನೆಯ ಭಾಗ ನಮಗೆ ‘ಮೂಲಭೂತ ಹಕ್ಕುಗಳು’. 2005ರ ಕಾಯಿದೆ ‘ಮಾಹಿತಿ ಹಕ್ಕು’. ಈ ಆಯ್ಕೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ನೆರೆಹೊರೆಯನ್ನು ನೋಡಿದರೆ ಇದು ತಿಳಿದೀತು. ಹಿಂದಿಯವರು ‘ಅಧಿಕಾರ’ ಎಂದರು. ಸೊಲ್ಲಾಪುರದ ಆಚೆಯ ಮರಾಠಿಗರಲ್ಲಿ ‘ಹಕ್ಕ’ ಇದ್ದೂ ಮಾಹಿತಿಯ ಕಾಯಿದೆಗೆ ‘ಅಧಿಕಾರ’ವೇ ಬಂದಿತು. ಮಲಯಾಳಿಗಳು ‘ಅವಕಾಶ’ ಎಂದರು. ಇವೆರಡೂ ಸಂಸ್ಕೃತ ಶಬ್ದಗಳೇ, ಕನ್ನಡದಲ್ಲಿಯೂ ಇವೆ. ಆದರೆ ಕನ್ನಡದಲ್ಲಿ ಅಧಿಕಾರವೆಂದರೆ ತಹಶೀಲದಾರರ ಕುರ್ಚಿ. ಅವಕಾಶವೆಂದರೆ ಸಿಕ್ಕರೆ ಸಿಗುವ ಸಂದರ್ಭ. ಹಿಂದಿಯನ್ನು ಅನುಸರಿಸಿದ್ದರೆ ಬಡವನ ಹಕ್ಕು ಅಧಿಕಾರಿಯ ಸೊತ್ತಿನಂತೆ ಕೇಳಿಸುತ್ತಿತ್ತು. ಮಲಯಾಳವನ್ನು ಅನುಸರಿಸಿದ್ದರೆ ಅದು ಅದೃಷ್ಟದಂತೆ ಕೇಳಿಸುತ್ತಿತ್ತು. ತೆಲುಗರೂ ನಾವೂ ‘ಹಕ್ಕು’ ಎಂಬುದನ್ನೇ ಹಿಡಿದುಕೊಂಡು ಪಾರಾದೆವು.

ಈ ‘ಹಕ್ಕು’ ಅರಬ್ಬೀ ಮೂಲದ್ದು. ಅಲ್ಲಿ ಅದಕ್ಕೆ ಸತ್ಯ ಎಂದೂ ಅರ್ಥ, ಸಲ್ಲಬೇಕಾದದ್ದು ಎಂದೂ ಅರ್ಥ; ದೇವರ ನಾಮಗಳಲ್ಲಿ ಅದೂ ಒಂದು. ಪಾರಸಿಯ ಮೂಲಕ ದಖ್ಖನಿನ ಸುಲ್ತಾನರ ಕಂದಾಯ ಕಚೇರಿಗಳಿಗೆ ಬಂದು, ಅಲ್ಲಿಂದ ಹಳ್ಳಿಗೆ ಇಳಿಯುವಾಗ ಅದರ ಸತ್ಯಾಂಶ ದಾರಿಯಲ್ಲಿ ಉದುರಿಹೋಯಿತು. ಉಳಿದದ್ದು ವತನದಾರರಿಗೂ ಊರ ಕಸಬುದಾರರಿಗೂ ರಾಶಿಯಲ್ಲಿ ಸಲ್ಲುತ್ತಿದ್ದ ಪಾಲು. ಬಡಿಗ, ಕಮ್ಮಾರರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಬಂದು ಪಡೆಯುತ್ತಿದ್ದ ಆಯ ಭಿಕ್ಷೆಯಾಗಿರಲಿಲ್ಲ, ಹಕ್ಕಾಗಿತ್ತು. 1903ರಲ್ಲಿ ಮುಂಬಯಿ ಸರಕಾರವು ಭೂಮಿಯ ಹಕ್ಕುಗಳ ದಾಖಲೆಗೆ ಕಾಯಿದೆ ಮಾಡಿದ ಮೇಲೆ ಆ ಶಬ್ದ ಕಣದಿಂದ ಕಾಗದಕ್ಕೆ ಏರಿತು. ಅಂದು ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಉತಾರದಲ್ಲಿ ಹೆಸರಿದ್ದವನಿಗೆ ಹಕ್ಕು, ಇಲ್ಲದವನಿಗೆ ಇಲ್ಲ ಎಂಬ ಭಾವ ಬೇರೂರಿತು. ಲೋಕಮಾನ್ಯ ತಿಲಕರಿಂದ ಮನೆಮಾತಾದ ‘ಜನ್ಮಸಿದ್ಧ ಹಕ್ಕು’ ಎಂಬ ಜೋಡುನುಡಿ ಆ ಕಾಗದದ ಶಬ್ದಕ್ಕೆ ಮತ್ತೆ ಜೀವ ತುಂಬಿತು. ಸಂಸ್ಕೃತದ ತಲೆ, ಅರಬ್ಬೀ ಒಡಲು. ಆದರೂ ಅದಕ್ಕಿಂತ ದೇಶೀಯವಾದ ಮಾತು ಆ ಕಾಲದಲ್ಲಿ ಇನ್ನೊಂದಿರಲಿಲ್ಲ.

ಹೀಗಿದ್ದರೂ ಒಂದು ಕೊರತೆ ಉಳಿದೇ ಇದೆ. ಇಂಗ್ಲೀಷಿನಲ್ಲಿ ನ್ಯಾಯವಾದದ್ದೂ ‘ರೈಟ್’, ನನಗೆ ಬರಬೇಕಾದದ್ದೂ ‘ರೈಟ್’. ಎರಡನ್ನೂ ಒಂದೇ ಶಬ್ದ ಹೊತ್ತಿರುವುದರಿಂದ ಒಂದನ್ನು ಕೇಳಿದಾಗ ಇನ್ನೊಂದರ ದನಿ ಹಿಂದಿನಿಂದ ಬರುತ್ತದೆ. ಕನ್ನಡದಲ್ಲಿ ನ್ಯಾಯವಾದದ್ದು ‘ಸರಿ’, ಬರಬೇಕಾದದ್ದು ‘ಹಕ್ಕು’. ಇವೆರಡಕ್ಕೆ ರಕ್ತಸಂಬಂಧವಿಲ್ಲ. ಆದುದರಿಂದ ಒಂದನ್ನು ಒಪ್ಪಿ ಇನ್ನೊಂದನ್ನು ಅಲ್ಲಗಳೆಯುವುದು ನಮ್ಮಲ್ಲಿ ಬಹಳ ಸುಲಭ.

ಇದು ಬರಿಯ ವ್ಯಾಕರಣದ ಮಾತಲ್ಲ. ಹೆಣ್ಣುಮಕ್ಕಳ ಆಸ್ತಿಯ ವಿಷಯವನ್ನೇ ತೆಗೆದುಕೊಳ್ಳಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಪಾಲುಂಟೆಂದು ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ಮಾಡಿತು. ಮದುವೆಯಾದವರು ಆಗದವರೆಂಬ ಭೇದವಿಲ್ಲದೆ ಕೇಂದ್ರವು 2005ರಲ್ಲಿ ಮಾಡಿತು. 2005ರಲ್ಲಿ ತಂದೆ ಬದುಕಿರಬೇಕಾಗಿರಲಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಕಾಯಿದೆಯ ಮಟ್ಟಿಗೆ ಮಾತು ಮುಗಿದಂತೆಯೇ. ಆದರೆ ಊರ ಕಟ್ಟೆಯ ಮೇಲೆ ಕೇಳಿಬರುವ ಮಾತೇನು? ‘ಹಕ್ಕು ಅದರಿ, ಇಲ್ಲಂತ ಯಾರಂತಾರ? ಆದ್ರ ತವರಮನಿಗೆ ಬಂದು ಕೇಳೂದು ಸರಿ ಅಲ್ಲ.’ ಈ ವಾಕ್ಯದ ಮೊದಲರ್ಧ ಕಾನೂನಿಗೆ ಕೈಮುಗಿಯುತ್ತದೆ, ಎರಡನೆಯ ಅರ್ಧ ಅದನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ. ಬಳಿಕ ತಂಗಿ ಉಪನೋಂದಣಿ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋಗುತ್ತಾಳೆ. ‘ಸರಿ’ ಎಂಬುದು ಅಣ್ಣನ ಕಡೆಗೂ ‘ಹಕ್ಕು’ ಎಂಬುದು ಕಾಗದದ ಕಡೆಗೂ ಹಂಚಿಹೋದ ಮೇಲೆ ಅವಳ ಕಡೆಗೆ ಉಳಿಯುವ ಶಬ್ದವಾವುದು? ಇಂಗ್ಲೀಷರಲ್ಲಿ ಇಂಥ ಅನ್ಯಾಯವಾಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಶಬ್ದ ಒಂದಾಗಿದ್ದ ಮಾತ್ರಕ್ಕೆ ನ್ಯಾಯ ದೊರೆಯುವುದೂ ಇಲ್ಲ. ಶಬ್ದಗಳು ಬೇರೆಯಾದಾಗ ಅನ್ಯಾಯಕ್ಕೆ ಅಡಗಲು ಒಂದು ಸಂದು ಹೆಚ್ಚಾಗುತ್ತದೆ ಎಂಬುದಿಷ್ಟೇ ನನ್ನ ಮಾತು.

ಇದಕ್ಕೆ ಪ್ರತಿಯಾಗಿ ಕನ್ನಡದ ಒಂದು ಪುಣ್ಯವನ್ನೂ ಹೇಳದಿದ್ದರೆ ತಪ್ಪಾದೀತು. ನಮ್ಮಲ್ಲಿ ‘ಬಲ’ ಮತ್ತು ‘ಹಕ್ಕು’ ಎಂದೂ ಒಂದು ಶಬ್ದವಾಗಲಿಲ್ಲ. ‘ಮೈಟ್ ಈಜ್ ರೈಟ್’ ಎಂಬ ಇಂಗ್ಲೀಷು ಗಾದೆಗೆ ಪ್ರಾಸದ ಸೊಗಸಿದೆ. ಅದನ್ನು ಕನ್ನಡಿಸಿದರೆ ಆ ಸೊಗಸು ಹೋಗಿ ಅದರ ಕ್ರೌರ್ಯವಷ್ಟೇ ಬರಿದಾಗಿ ನಿಲ್ಲುತ್ತದೆ. ‘ಬಡವನ ಸಿಟ್ಟು ದವಡೆಗೆ ಮೂಲ’ ಎಂದು ನಮ್ಮವರು ಹೇಳುವಾಗಲೂ ಬಲವಿಲ್ಲದವನ ಸೋಲನ್ನು ಹೇಳುತ್ತಾರೆಯೇ ಹೊರತು ಗೆದ್ದವನದು ಸರಿಯೆಂದು ಹೇಳುವುದಿಲ್ಲ.

ಇನ್ನು ಅನುವಾದಕರ ವಿಷಯ. ಅವರ ದೊಡ್ಡ ದೋಷ ನಾಮಪದದ ಮೋಹ. ಇಂಗ್ಲೀಷಿನಲ್ಲಿ ನಾಮಪದ ಕಂಡಲ್ಲಿ ಕನ್ನಡದಲ್ಲಿಯೂ ನಾಮಪದವನ್ನೇ ಹುಡುಕುತ್ತಾರೆ. ಒಂದು ಸಿಕ್ಕರೆ ಅದನ್ನೇ ಎಲ್ಲೆಡೆಗೂ ಬಡಿಯುತ್ತಾರೆ. ಪುಸ್ತಕದ ಮೊದಲ ಪುಟಗಳಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ಅಚ್ಚಾಗುವುದನ್ನು ನೋಡಿ. ಯಾರು ಕಾಯ್ದಿರಿಸಿದರು, ಯಾರಿಗಾಗಿ? ಬಸ್ಸಿನ ಸೀಟು ಕಾಯ್ದಿರಿಸಿದಂತೆ ಕೇಳಿಸುತ್ತದೆ. ಹಿಂದಿನವರು ‘ಗ್ರಂಥಸ್ವಾಮ್ಯ ಲೇಖಕರದು’ ಎಂದು ಎರಡು ಪದಗಳಲ್ಲಿ ಹೇಳಿ ಮುಗಿಸುತ್ತಿದ್ದರು. ಅದರಲ್ಲಿ ಅರ್ಥವೂ ಇತ್ತು, ಗಾಂಭೀರ್ಯವೂ ಇತ್ತು. ಗಣಕಯಂತ್ರಗಳು ಮಾಡುವ ಅನುವಾದ ಬಂದ ಮೇಲಂತೂ ‘ಯೋಗ್ಯ ಮನುಷ್ಯ’ ಎಂದಿರಬೇಕಾದಲ್ಲಿ ‘ಬಲ ಮನುಷ್ಯ’ನೂ ಕಾಣಿಸಿಕೊಳ್ಳಬಹುದು. ಯಂತ್ರವನ್ನು ದೂರಿ ಫಲವಿಲ್ಲ. ಅದು ನಾವು ಬರೆದ ಕನ್ನಡವನ್ನೇ ಉಂಡು ಬೆಳೆಯುವ ಪ್ರಾಣಿ.

ನಾಮಪದವನ್ನು ಬಿಟ್ಟು ಕ್ರಿಯಾಪದದ ಕಡೆಗೆ ತಿರುಗಿದರೆ ನಮ್ಮಲ್ಲಿ ಏನಿದೆಯೆಂದು ನೋಡೋಣ. ‘ಸಲ್ಲು’ ಎಂಬ ಅಚ್ಚಗನ್ನಡ ಧಾತುವೊಂದಿದೆ. ‘ನಿಮಗೆ ಸಲ್ಲಬೇಕಾದ ಹಣ’ ಎಂದರೆ ಬರಬೇಕಾದ ಪಾಲು. ‘ಈ ಮಾತು ನಿಮಗೆ ಸಲ್ಲದು’ ಎಂದರೆ ನ್ಯಾಯವಲ್ಲ, ತರವಲ್ಲ. ‘ಈ ನಾಣ್ಯ ಸಲ್ಲುತ್ತದೆ’ ಎಂದರೆ ಖೋಟಾ ಅಲ್ಲ, ನಿಜವಾದದ್ದು. ‘ಗೌರವ ಸಂದಿತು’ ಎಂದರೆ ಯೋಗ್ಯರಿಗೆ ಮುಟ್ಟಿತು. ಪಾಲು, ನ್ಯಾಯ, ನಿಜ, ಯೋಗ್ಯತೆ—ಇಂಗ್ಲೀಷಿನ ‘ರೈಟ್’ ಹೊತ್ತ ನಾಲ್ಕು ಹೊರೆಗಳನ್ನೂ, ಅರಬ್ಬಿಯ ‘ಹಕ್’ ಕಳೆದುಕೊಂಡ ಸತ್ಯಾಂಶವನ್ನೂ ಈ ಒಂದು ಧಾತು ಹೊತ್ತಿದೆ. ಬಲವನ್ನು ಮಾತ್ರ ಹೊತ್ತಿಲ್ಲ. ಅದೇ ಅದರ ಹೆಚ್ಚಳ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಮರ್ತ್ಯಲೋಕವನ್ನು ದೇವರ ಟಂಕಸಾಲೆಗೆ ಹೋಲಿಸಿದ ವಚನ ವಾಚಕರಿಗೆ ಪರಿಚಿತವೇ ಆಗಿದೆ. ಇಹದ ನಡತೆಗೂ ಪರದ ಮನ್ನಣೆಗೂ ಸೇತುವೆಯಾಗಿ ಅಲ್ಲಿ ನಿಂತಿರುವುದು ಈ ಕ್ರಿಯಾಪದವೇ. ಇಲ್ಲಿಯ ಬೆಲೆ ಬೇರೆ, ಅಲ್ಲಿಯ ಬೆಲೆ ಬೇರೆ ಎಂಬ ಇಬ್ಬಗೆಯನ್ನು ಆ ಮಹಾನುಭಾವರು ಒಪ್ಪಲಿಲ್ಲ. ಹಕ್ಕು ಬೇರೆ, ಸರಿ ಬೇರೆ ಎನ್ನುವ ನಮ್ಮ ಇಬ್ಬಗೆಗೂ ಉತ್ತರ ಅಲ್ಲಿಯೇ ಇದೆ.

ತರಗತಿಯಲ್ಲಿ ನಾನು ಒಂದು ಇಂಗ್ಲೀಷು ವಾಕ್ಯವನ್ನು ಕೊಡುವುದುಂಟು: ‘ಶಿ ವಾಸ್ ರೈಟ್ ಟು ಆಸ್ಕ್ ಫಾರ್ ಹರ್ ರೈಟ್.’ ಹೆಚ್ಚಿನವರು ‘ಅವಳು ತನ್ನ ಹಕ್ಕನ್ನು ಕೇಳಿದ್ದು ಸರಿ’ ಎಂದು ಬರೆಯುತ್ತಾರೆ. ತಪ್ಪೇನೂ ಇಲ್ಲ, ಆದರೆ ಮೂಲದ ಎರಡು ಕಂಬಗಳು ಇಲ್ಲಿ ಒಂದಕ್ಕೊಂದು ಆಸರೆಯಾಗಿಲ್ಲ. ‘ತನಗೆ ಸಲ್ಲಬೇಕಾದುದನ್ನು ಅವಳು ಕೇಳಿದ್ದು ಸಲ್ಲುವ ಮಾತೇ’ ಎಂದು ನೋಡಿ. ಅಣ್ಣನಿಗೆ ಈಗ ಜಾರಿಕೊಳ್ಳಲು ಸಂದಿಲ್ಲ. ‘ನಿನಗೆ ಸಲ್ಲಬೇಕು ಖರೆ, ಆದರೆ ಸಲ್ಲದು’ ಎಂದು ಹೇಳಲು ಹೋದರೆ ನಾಲಗೆಯೇ ತಡವರಿಸುತ್ತದೆ.

ಕಾನೂನಿಗೆ ನಾಮಪದ ಬೇಕು, ‘ಸಲ್ಲು’ ಎಂಬುದರಿಂದ ಕಾಯಿದೆಯ ಶೀರ್ಷಿಕೆ ಹುಟ್ಟದು ಎಂದು ಕೆಲವರು ಆಕ್ಷೇಪಿಸಬಹುದು. ನಿಜ. ಶೀರ್ಷಿಕೆಯಲ್ಲಿ ‘ಹಕ್ಕು’ ಇರಲಿ; ಅದನ್ನು ಕಿತ್ತುಹಾಕಬೇಕೆಂದು ನಾನೆಂದೂ ಹೇಳೆನು. ಆದರೆ ಶೀರ್ಷಿಕೆಯ ಕೆಳಗಿನ ವಿವರಣೆ, ಸಂಪಾದಕೀಯ, ನಾಟಕದ ಸಂಭಾಷಣೆ, ಶಾಲೆಯ ಪಾಠ ಇವೆಲ್ಲ ಶೀರ್ಷಿಕೆಗಳಲ್ಲ. ಅಲ್ಲದೆ ಕಾನೂನಿನ ಕನ್ನಡವೇ ಯೋಗ್ಯವಾದದ್ದೆಂಬ ಅರ್ಥದ ‘ತಕ್ಕದ್ದು’ ಎಂಬುದನ್ನು ‘ಮಾಡತಕ್ಕದ್ದು’, ‘ಕೊಡತಕ್ಕದ್ದು’ ಎಂದು ಆಜ್ಞಾರ್ಥಕ್ಕೆ ಒಗ್ಗಿಸಿಕೊಂಡಿದೆ. ಅಷ್ಟು ಸಾಹಸ ಮಾಡಿದವರಿಗೆ ‘ಸಲ್ಲತಕ್ಕದ್ದು’ ಎಂಬುದು ಭಾರವಾಗಲಾರದು.

ಹಲಸಂಗಿಯ ಗೆಳೆಯರು ಇಂಡಿ ತಾಲೂಕಿನ ಹಳ್ಳಿಗಳ ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಎಂದು ಹೊರಬಂದಾಗ ವಿದ್ವಾಂಸರು ಬೆರಗಾದರು. ಬೀಸುಕಲ್ಲಿನ ಮುಂದೆ ಇಂಥ ಭಾಷೆಯಿತ್ತೆ ಎಂದರು. ನಮ್ಮ ಕೋಶಕಾರರೂ ಅನುವಾದಕರೂ ಮಾಡಬೇಕಾದದ್ದು ಅದೇ ಬಗೆಯ ಕೆಲಸ. ಇಂಗ್ಲೀಷು ಶಬ್ದದ ಮುಂದೆ ಹತ್ತು ಪ್ರತಿಪದಗಳನ್ನು ಸಾಲುಗಟ್ಟಿ ನಿಲ್ಲಿಸಿದರೆ ಸಾಲದು; ಯಾವುದು ಯಾವ ಕ್ರಿಯೆಯೊಡನೆ, ಯಾರ ಬಾಯಲ್ಲಿ, ಯಾರ ಎದುರಿನಲ್ಲಿ ಸಲ್ಲುತ್ತದೆಂದು ತೋರಿಸಬೇಕು. ಕಂಡಕ್ಟರನ ‘ರೈಟ್’ ಬಸ್ಸಿನಲ್ಲಿ ಸಲ್ಲಲಿ, ‘ಬಲ’ ದಂಡೆಗೆ ಸಲ್ಲಲಿ, ‘ಹಕ್ಕು’ ಉತಾರಕ್ಕೆ ಸಲ್ಲಲಿ. ಆದರೆ ಒಬ್ಬ ಮನುಷ್ಯ ತನ್ನ ಪಾಲನ್ನು ಕೇಳಲು ಬಾಯಿ ತೆರೆದಾಗ ಅವನ ಕೈಗೆ ಕಾಗದದ ಶಬ್ದವನ್ನಷ್ಟೇ ಕೊಟ್ಟು ಕಳಿಸುವುದು ಕನ್ನಡಕ್ಕೆ ಸಲ್ಲದು.